ಕೊನೆಯ ಖಜಾಂಚಿಗೆ ಏನು ಕೆಲಸ?

ಆರ್ವಿಡ್ ಸ್ಕೊಗ್ಲಂಡ್ ತಪ್ಪು ಹೊತ್ತಿನಲ್ಲಿ ಕುರ್ಚಿ ಬಿಟ್ಟು ಎದ್ದ. ಆಮೇಲೆ ಅವನನ್ನು ಹಿಡಿದ ಗ್ರಹಚಾರಕ್ಕೆಲ್ಲ ಮೂಲ ಅಷ್ಟೇ.

ಎದ್ದದ್ದು ತಟ್ಟೆಯಲ್ಲಿ ಉಳಿದಿದ್ದ ಕೊನೆಯ ನಿಂಬೆ ಕೇಕಿನ ತುಂಡಿಗಾಗಿ. ಪಕ್ಷದ ರಾಜ್ಯ ಸಮಾವೇಶ, ಹೈಸ್ಕೂಲಿನ ಆಟದ ಹಜಾರ, ಜೂನಿನ ಸೆಕೆ. ಗವರ್ನರ್ ಸ್ಥಾನಕ್ಕೆ ಹನ್ನೊಂದು ಜನ ಕಚ್ಚಾಡಿ ಮುಗಿದಿತ್ತು. ರಾಜ್ಯ ಖಜಾಂಚಿ ಸ್ಥಾನಕ್ಕೆ ಮಾತ್ರ ಒಂದು ನರಪಿಳ್ಳೆಯೂ ಮುಂದೆ ಬಂದಿರಲಿಲ್ಲ. "ಒಪ್ಪಿಗೆ ಇರೋರು ದಯವಿಟ್ಟು ಎದ್ದೇಳಿ" ಎಂದು ವೇದಿಕೆಯ ಮೇಲಿದ್ದ ಹೆಂಗಸು ನಾಲ್ಕನೆಯ ಸಲ ಗೋಗರೆದಳು. ಆ ಗಳಿಗೆಗೆ ಸರಿಯಾಗಿ ಆರ್ವಿಡ್ ಎದ್ದ. ಚಪ್ಪಾಳೆ ಬಿತ್ತು. ಯಾರಿಗಪ್ಪಾ ಇದು ಎಂದು ಅವನೂ ಚಪ್ಪಾಳೆ ತಟ್ಟುತ್ತ ಹಿಂದೆ ತಿರುಗಿ ನೋಡಿದ. ಹಿಂದೆ ಬರೀ ಗೋಡೆ ಇತ್ತು.

ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ. ಖಜಾಂಚಿ ಏನು ಮಾಡುತ್ತಾನೆ ಎಂದೇ ಗೊತ್ತಿಲ್ಲದವನು ಓಟು ಕೇಳುವಾಗ ಏನು ಹೇಳಬೇಕು? ಕೇಕಿಗೆ ಎದ್ದ ಕಥೆ ಸಮೇತ ಅದನ್ನೇ ಹೇಳಿದ. "ಈ ಹುದ್ದೆ ಯಾಕಿದೆಯೋ ನಂಗಂತೂ ತಿಳೀದು. ಗೆಲ್ಲಿಸಿದ್ರೆ ಮುಚ್ಚಿಸಿಬಿಡ್ತೀನಿ." ಜನ ತಮ್ಮ ತಮ್ಮ ಅಂಗಳದಲ್ಲಿ ಹಲಗೆ ನೆಟ್ಟರು: "ಸ್ಕೊಗ್ಲಂಡ್, ಕೊನೆಯ ಖಜಾಂಚಿ." ಒಬ್ಬ ರಾಜಕಾರಣಿಯನ್ನು ಶಾಶ್ವತವಾಗಿ ಕಡಿಮೆ ಮಾಡುವ ಅವಕಾಶ ನಮ್ಮ ರಾಜ್ಯದವರಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಆರ್ವಿಡ್ ಗವರ್ನರಿಗಿಂತ ನಲವತ್ತು ಸಾವಿರ ಓಟು ಹೆಚ್ಚು ಪಡೆದು ಗೆದ್ದ.

ಗೆದ್ದ ವರ್ಷವೇ ಹೆಂಡತಿ ವಿಯೋಲಾಳ ಮಂಡಿಗಳು ಕೆಟ್ಟವು.

ಡಾಕ್ಟರು ಬಲಮಂಡಿಗೆ 1994ರ ಆಗಸ್ಟಿನಲ್ಲೂ ಎಡಮಂಡಿಗೆ ನವೆಂಬರಿನಲ್ಲೂ ಆಪರೇಶನ್ನಿಗೆ ದಿನ ಕೊಟ್ಟರು. ಎರಡರ ಖರ್ಚೂ ಖಜಾಂಚಿಗೆ ಸಿಗುವ ಸರ್ಕಾರಿ ವಿಮೆಯ ಮೇಲೆ. ಬಸ್ಸಿನ ಕಾಲದ ವಿಮೆ ಬಸ್ಸಿನ ಕೀಲಿಕೈ ಜೊತೆಗೇ ಹೋಗಿತ್ತು. ಇತ್ತ ಆರ್ವಿಡ್ ಕೊಟ್ಟ ಮಾತಿನಂತೆ ಹುದ್ದೆ ಮುಚ್ಚುವ ಮಸೂದೆಯನ್ನು ಮಂಡಿಸಲು ತಾನೇ ಬರೆದು ಕಳಿಸಿಯಾಗಿತ್ತು. ಹದಿಮೂರು ತಿಂಗಳು ಎಲ್ಲೋ ಧೂಳು ತಿಂದ ಆ ಮಸೂದೆ, 1994ರ ಫೆಬ್ರವರಿಯ ಒಂದು ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ ಸೆನೆಟ್ ಸಮಿತಿಯ ಮುಂದೆ ಬರುವುದಿತ್ತು. ಸಮಿತಿ ಹೂಂ ಅಂದರೆ ಏಪ್ರಿಲಿನಲ್ಲಿ ಜನಮತ. ಸಮಿತಿ ಒಪ್ಪಿ ಕಳಿಸಿದ್ದನ್ನು ನಮ್ಮ ಜನ ಯಾವತ್ತೂ ಬೇಡ ಅಂದವರಲ್ಲ. ಜುಲೈ ಒಂದಕ್ಕೆ ಹುದ್ದೆಯೂ ಇಲ್ಲ, ವಿಮೆಯೂ ಇಲ್ಲ.

ಬೆಳಿಗ್ಗೆ ತಿಂಡಿ ಮೇಜಿನಲ್ಲಿ ವಿಯೋಲಾ ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿ ಕೂತಿದ್ದಳು.

"ಎರಡು ಗಂಟೆಗೆ ಅವರು ನಿನ್ನನ್ನ ಏನು ಕೇಳ್ತಾರೆ?"

"ಖಜಾಂಚಿಗೆ ಏನು ಕೆಲಸ ಅಂತ."

"ಹೇಳು ಮತ್ತೆ."

"ನಂಗೊತ್ತಿಲ್ಲ."

"ಹದಿಮೂರು ತಿಂಗಳಿಂದ ಮಾಡ್ತಾ ಇದೀಯಲ್ಲೋ!"

"ಮಾಡ್ತಾ ಇದೀನಿ. ಏನು ಅಂತ ಗೊತ್ತಾಗ್ತಿಲ್ಲ."

ವಿಯೋಲಾ ಕಾಫಿ ಲೋಟ ಕೆಳಗಿಟ್ಟಳು. ಆರ್ವಿಡ್ ಮೊಟ್ಟೆಯನ್ನು ಚಮಚದಿಂದ ಚುಚ್ಚುತ್ತ, "ಜನಕ್ಕೆ ಮಾತು ಕೊಟ್ಟಿದೀನಿ ವಿಯೋಲಾ. ಹಲಗೆ ನೆಡಿಸಿದೀನಿ" ಎಂದ.

"ಹಲಗೆಗೆ ಮಂಡಿನೋವಿಲ್ಲ."

ಆರ್ವಿಡ್ ಮೊಟ್ಟೆ ಚುಚ್ಚುತ್ತಲೇ ಇದ್ದ. ಅವಳೇ ದನಿ ತಗ್ಗಿಸಿದಳು. "ನೋಡು, ಸುಳ್ಳು ಹೇಳು ಅಂತ ನಾನು ಹೇಳ್ತಿಲ್ಲ. ಹಂಗೇನಾದ್ರೂ ಹೇಳಿದ್ರೆ ಭಾನುವಾರ ಪಾದ್ರಿ ಮುಖ ನೋಡಕ್ಕಾಗಲ್ಲ. ನಿನ್ನ ಕಚೇರಿ ಮಾಡೋ ಕೆಲಸ ಒಂದಾದ್ರೂ ಇರ್ಬೇಕು ಕಣೋ, ಒಂದೇ ಒಂದು. ಹೋಗಿ ಹುಡುಕು. ಅದನ್ನ ಹೇಳು, ಸಾಕು. ಆರು ಗಂಟೆಗೆ ಹೋಟೆಲಲ್ಲಿ ಮೀನೂಟಕ್ಕೆ ಮೇಜು ಹೇಳಿಟ್ಟಿದೀನಿ, ತಡ ಮಾಡ್ಬೇಡ."

ಹೀಗೆ ರಾಜ್ಯದ ಖಜಾಂಚಿ ತನ್ನ ಕೆಲಸ ಯಾವುದೆಂದು ಹುಡುಕಲು ಹೊರಟ.

ಶಾಸನಭವನದ ನೆಲಮಾಳಿಗೆಯಲ್ಲಿ, ಬಾಯ್ಲರ್ ಕೋಣೆ ದಾಟಿ ಎಡಕ್ಕೆ ತಿರುಗಿದರೆ ಖಜಾಂಚಿ ಕಚೇರಿ. ಅಲ್ಲಿರುವುದು ಎರಡು ಮೇಜು, ಒಂದು ಕಿಟಕಿ. ಕಿಟಕಿಯಿಂದ ದಾರಿಹೋಕರ ಬೂಟುಗಳು ಕಾಣುತ್ತವೆ. ಒಳಗೆ ಮಾರ್ವೆಲ್ ಕ್ರೂಗರ್ ಟೈಪ್ ಮಾಡುತ್ತಿದ್ದಳು. ಮೂವತ್ತಮೂರು ವರ್ಷದಿಂದ ಅಲ್ಲೇ ಇರುವ ಆಕೆ ಈಗ ಕಚೇರಿಯ ಒಬ್ಬಳೇ ನೌಕರಳು.

"ಮಾರ್ವೆಲ್, ನಾವು ಏನು ಕೆಲಸ ಮಾಡ್ತೀವಿ?"

"ಯಾರು ಕೇಳ್ತಿರೋದು, ಖಜಾಂಚಿಗಳೇ?"

"ನಾನೇ."

"ಓ." ಆಕೆ ಟೈಪ್ ನಿಲ್ಲಿಸಿ ಕನ್ನಡಕ ತೆಗೆದಳು. "ನಾನು ಬಂದಾಗ ಇಲ್ಲಿ ನಲವತ್ತು ಜನ ಇದ್ರು. ಇಲ್ಲಿ ಅಂದ್ರೆ ಈ ಬಿಲದಲ್ಲಲ್ಲ, ಮೇಲೆ ಮೊದಲನೇ ಅಂತಸ್ತಲ್ಲಿ. ಹಿತ್ತಾಳೆ ಕಂಬಿಯ ಕಿಟಕಿಗಳು, ಎರಡಾಳೆತ್ತರದ ಉಕ್ಕಿನ ಬಾಗಿಲು. ಅರವತ್ತೇಳರಲ್ಲಿ ದುಡ್ಡೆಲ್ಲ ಆಡಳಿತ ಇಲಾಖೆಗೆ ಹೋಯ್ತು. ಎಪ್ಪತ್ತರಲ್ಲಿ ಸಾಲಪತ್ರ ಹೋಯ್ತು. ಆಮೇಲೆ ಚೆಕ್ಕು ಅಚ್ಚು ಹಾಕೋ ಯಂತ್ರ ಹೋಯ್ತು. ಕೊನೆಗೆ ನಮ್ಮತ್ರ ಉಳಿದದ್ದು ವಾರಸುದಾರರಿಲ್ಲದ ಆಸ್ತಿ. ಬ್ಯಾಂಕ್ ಲಾಕರಿನಲ್ಲಿ ಜನ ಬಿಟ್ಟು ಸತ್ತಿರ್ತಾರಲ್ಲ, ಮದುವೆ ಉಂಗುರ, ಯುದ್ಧದ ಪದಕ, ಹಲ್ಲಿನ ಸೆಟ್ಟು. ಎಂಬತ್ತೆಂಟರಲ್ಲಿ ತೆರಿಗೆಯೋರು ಬಂದು ಅದನ್ನೂ ತಳ್ಳುಗಾಡೀಲಿ ಹೇರ್ಕೊಂಡು ಹೋದ್ರು. ಹಲ್ಲಿನ ಸೆಟ್ಟುಗಳು ಹೋದ ದಿನ ನಾನು ಅತ್ತುಬಿಟ್ಟೆ ಕಣ್ರೀ."

"ಈಗ ಉಳಿದಿರೋದು?"

"ನೀವು, ನಾನು, ಕಾಫಿ ಯಂತ್ರ. ಕಾಫಿ ಯಂತ್ರ ನನ್ನ ಸ್ವಂತದ್ದು."

"ಹಾಗಾದ್ರೆ ನೀವು ಬೆಳಿಗ್ಗೆಯಿಂದ ಟೈಪ್ ಮಾಡ್ತಿರೋದೇನು?"

"ಹೋದ ತಿಂಗಳು ನಾವು ಮಾಡಿದ ಕೆಲಸದ ವರದಿ."

ಆರ್ವಿಡನ ಮುಖ ಅರಳಿತು. "ಏನು ಮಾಡಿದ್ವಿ?"

"ಅದರ ಹಿಂದಿನ ತಿಂಗಳ ವರದಿ."

ಅರಳಿದ ಮುಖ ಹಾಗೇ ಬಾಡಿತು. ಮಾರ್ವೆಲ್‌ಗೆ ಪಾಪ ಅನ್ನಿಸಿತು. "ನಮ್ಮ ಕೆಲಸವನ್ನೆಲ್ಲ ಬುಟ್ಟಿಗೆ ಹಾಕ್ಕೊಂಡೋನು ಮಿಲ್ಟನ್ ಬ್ರಾಕ್. ಮೂರನೇ ಅಂತಸ್ತು. ಅವನನ್ನೇ ಕೇಳಿ. ಏನೋ ಒಂದೆರಡು ಕೈಜಾರಿ ಬಿದ್ದಿದ್ರೂ ಬಿದ್ದಿರಬಹುದು."

ಮಿಲ್ಟನ್ ಬ್ರಾಕ್ ಆಡಳಿತ ಇಲಾಖೆಯ ಮುಖ್ಯಸ್ಥ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ನಗು. ಆರ್ವಿಡನನ್ನು ಕಂಡದ್ದೇ ಬೆನ್ನು ತಟ್ಟಿ ಕೂರಿಸಿ, ಗೋಡೆಯಗಲದ ನಕ್ಷೆಯೊಂದನ್ನು ತೋರಿಸಿದ. ಅದರ ತುಂಬ ಚೌಕಗಳು, ಚೌಕದಿಂದ ಚೌಕಕ್ಕೆ ಬಾಣಗಳು. ಶಾಲೆ ಬಸ್ಸಿನ ಮಾರ್ಗದ ನಕ್ಷೆಯನ್ನು ಕಣ್ಣುಮುಚ್ಚಿ ಓದಬಲ್ಲ ಆರ್ವಿಡನಿಗೆ ಇದು ಇರುವೆ ಗೂಡಿಗೆ ಕಾಲಿಟ್ಟ ಹಾಗೆ ಕಂಡಿತು.

"ನಾನು ಎಲ್ಲಿದೀನಿ ಇದ್ರಲ್ಲಿ?"

ಬ್ರಾಕ್ ಮೂಲೆಯ ಒಂದು ಪುಟ್ಟ ಚೌಕದ ಮೇಲೆ ಬೆರಳಿಟ್ಟ. ಅದರಿಂದ ಒಂದು ಬಾಣ ಹೊರಟು ಕಾಗದದ ಅಂಚಿಗೆ ಹೋಗಿ ನಿಂತಿತ್ತು.

"ಈ ಬಾಣ ಎಲ್ಲಿಗೆ ಹೋಗುತ್ತೆ?"

"ಕಾಗದ ಮುಗೀತಲ್ಲ."

"ಕಾಗದದ ಆಚೆ ಏನಿದೆ?"

"ಗೋಡೆ" ಎಂದ ಬ್ರಾಕ್. "ಆರ್ವಿಡ್, ನೀನು ಯಾಕಪ್ಪ ಸುಮ್ನೆ ತಲೆ ಕೆಡಿಸ್ಕೊಳ್ತೀಯ? ಮೂವತ್ತು ಜನ ಖಜಾಂಚಿಗಳು ಆಗಿಹೋದ್ರು, ಒಬ್ಬನಿಗೂ ನಿನ್ನಷ್ಟು ನಿಯತ್ತಿರಲಿಲ್ಲ. ನೀನು ಮುಚ್ಚಿಸ್ತೀನಿ ಅಂದೆ, ಇವತ್ತು ಮುಚ್ಚಿಸ್ತೀಯ. ತಗೋ, ನಿನ್ನ ಭಾಷಣ ನಾನೇ ಬರೆಸಿಟ್ಟಿದೀನಿ. 'ಮಾನ್ಯ ಸದಸ್ಯರೇ, ನಾನು ಏನೂ ಮಾಡುವುದಿಲ್ಲ, ವಂದನೆಗಳು.' ಎರಡು ನಿಮಿಷ. ಅಂದಹಾಗೆ ನಿನ್ನ ಕೋಣೆ ಹದಿನಾಲ್ಕಡಿ ಇದೆಯೋ ಹದಿನೈದೋ? ನಿನ್ನೆ ಟೇಪ್ ಹಿಡಿಸಿದೆ, ನಿನ್ನ ಕಚೇರಿ ಹೆಂಗಸು ಕಾಫಿ ಯಂತ್ರ ಸರಿಸ್ಲಿಲ್ಲ."

ಭಾಷಣ ಜೇಬಿಗಿಳಿಸಿ ಆರ್ವಿಡ್ ಮೆಟ್ಟಿಲಿಳಿದ. ಹುಡುಕಲು ಹೊರಟದ್ದು ಇರುವ ಕೆಲಸವನ್ನು, ಕೈಗೆ ಬಂದದ್ದು ಇಲ್ಲದ ಕೆಲಸದ ಲಿಖಿತ ದಾಖಲೆ.

ಎರಡನೇ ಅಂತಸ್ತಿನ ಮೆಟ್ಟಿಲ ತಿರುವಿನಲ್ಲಿ ಹಿಂದಿನ ಖಜಾಂಚಿಗಳ ತೈಲಚಿತ್ರಗಳ ಸಾಲು. ಒಬ್ಬೊಬ್ಬರೂ ಹೊಟ್ಟೆನೋವು ಬಂದವರ ಹಾಗೆ ಗಂಭೀರ. ಅಲ್ಲಿ ಕಾವಲಿಗಿದ್ದವನು ಕ್ಲೀಟಸ್. ಇಪ್ಪತ್ತೇಳು ವರ್ಷದಿಂದ ಈ ಮೋರೆಗಳನ್ನೇ ನೋಡಿ ನೋಡಿ ಒಬ್ಬೊಬ್ಬರ ಜಾತಕವೂ ಅವನಿಗೆ ಬಾಯಿಪಾಠ.

"ಏನ್ ಸ್ಕೊಗ್ಲಂಡ್, ಮುಖ ಟೈರ್ ಪಂಕ್ಚರಾದ ಹಾಗಿದೆ?"

ಆರ್ವಿಡ್ ಹೇಳಿಕೊಂಡ. ಕ್ಲೀಟಸ್ ಗಹಗಹಿಸಿ ನಕ್ಕು, ಮೊದಲ ಸಾಲಿನ ಗಡ್ಡದವನೊಬ್ಬನ ಮುಂದೆ ಅವನನ್ನು ಎಳೆದು ನಿಲ್ಲಿಸಿದ.

"ಇವನನ್ನ ನೋಡು. ಕ್ಯಾಪ್ಟನ್ ಥಡ್ಡಿಯಸ್ ಪೀಬಡಿ, ಮೂರನೇ ಖಜಾಂಚಿ. ಸಾವಿರದ ಎಂಟುನೂರಾ ಎಪ್ಪತ್ತೊಂದು, ಜನವರಿ. 'ಮೀನು ಹಿಡಿಯಕ್ಕೆ ಹೋಗ್ತೀನಿ' ಅಂತ ಹೆಂಡತಿಗೆ ಹೇಳಿ, ರಾಜ್ಯದ ಚಿನ್ನವನ್ನೆಲ್ಲ ಎರಡು ಬೆಣ್ಣೆ ಪೀಪಾಯಿಗೆ ತುಂಬಿ, ಹೆಪ್ಪುಗಟ್ಟಿದ ಕೆರೆ ಮೇಲೆ ಜಾರುಬಂಡೀಲಿ ಸೀದಾ ಕೆನಡಾಕ್ಕೆ! ತಮಾಷೆ ಅದಲ್ಲ. ಅವನು ಹೋಗಿದಾನೆ ಅಂತ ಎಂಟು ತಿಂಗಳು ಯಾರಿಗೂ ಗೊತ್ತಾಗ್ಲಿಲ್ಲ. ಗುಮಾಸ್ತ ಅವನ ಹೆಸರಲ್ಲಿ ಸಹಿ ಮಾಡ್ತಾನೇ ಇದ್ದ."

"ಹೆಂಡತೀಗೂ ಗೊತ್ತಾಗ್ಲಿಲ್ವ?"

"ಅವಳು ಮೀನು ಸಿಕ್ಕಿಲ್ಲ ಅಂದ್ಕೊಂಡಿದ್ಳು. ಅದಾದ ಮೇಲೆ ರಾಜ್ಯದ ಸಂವಿಧಾನಕ್ಕೆ ಒಂದು ಸಾಲು ಸೇರಿಸಿದ್ರು. ಇಲ್ಲೇ ಕೆತ್ತಿದೆ, ಓದು."

ಚಿತ್ರದ ಕೆಳಗಿನ ಹಿತ್ತಾಳೆ ಫಲಕವನ್ನು ಆರ್ವಿಡ್ ಬಗ್ಗಿ ಓದಿದ: "ಅಧಿಕಾರದಲ್ಲಿರುವ, ಜೀವಂತ ಖಜಾಂಚಿಯ ಸಹಿಯಿಲ್ಲದೆ ರಾಜ್ಯದ ಯಾವ ಚೆಕ್ಕೂ ಚಲಾವಣೆಯಾಗತಕ್ಕದ್ದಲ್ಲ."

ಇನ್ನೊಮ್ಮೆ ಓದಿದ. ಕ್ಲೀಟಸ್‌ನ ಎರಡೂ ಕೈ ಹಿಡಿದು ಕುಲುಕಿದ. "ಕೆಲಸ! ನಂಗೆ ಕೆಲಸ ಇದೆ ಮಾರಾಯ! ಇಡೀ ರಾಜ್ಯದ ಚೆಕ್ಕಿಗೆ ನಾನು ಸಹಿ ಮಾಡ್ಬೇಕು!"

"ಮತ್ತೆ? ಮಾಡ್ತಾ ಇದೀಯಲ್ಲ."

ಆರ್ವಿಡನ ಕೈ ನಿಂತಿತು. "ಇಲ್ವಲ್ಲ."

"ಇಲ್ಲ ಅಂದ್ರೆ?"

"ಬಂದಾಗ ಒಂದ್ಸಲ ಪಾರ್ಕಿಂಗ್ ಪಾಸಿಗೆ ಸಹಿ ಹಾಕಿದೆ. ಅಷ್ಟೇ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಗೋಡೆಯ ಮೇಲಿಂದ ಕ್ಯಾಪ್ಟನ್ ಪೀಬಡಿ ಇಬ್ಬರನ್ನೂ ನೋಡಿದ.

"ಹಾಗಾದ್ರೆ ನನ್ನ ಸಂಬಳದ ಚೆಕ್ಕಿಗೆ ಯಾವನಯ್ಯ ಸಹಿ ಮಾಡ್ತಿರೋದು?" ಎಂದ ಕ್ಲೀಟಸ್.

ಚೆಕ್ಕು ಅಚ್ಚಾಗುವ ಕೋಣೆ ಹಿಂಭಾಗದ ಕಟ್ಟಡದಲ್ಲಿ. ಅಲ್ಲಿ ಬರ್ನಿಸ್ ವೊಯ್ಟಾ ಎಂಬ ಗಟ್ಟಿಗಿತ್ತಿ, ಕಿವಿಗೆ ಹತ್ತಿ ತುರುಕಿಕೊಂಡು, ಧಡಕ್ ಧಡಕ್ ಎನ್ನುವ ಯಂತ್ರದ ಮುಂದೆ ನಿಂತಿದ್ದಳು. ಅಂದು ಸಂಬಳದ ಶುಕ್ರವಾರ. ಹಸಿರು ಚೆಕ್ಕುಗಳು ಒಂದರ ಮೇಲೊಂದು ಬೀಳುತ್ತಿದ್ದವು.

"ನಾನು ಖಜಾಂಚಿ" ಎಂದು ಆರ್ವಿಡ್ ಕೂಗಿದ.

ಬರ್ನಿಸ್ ಒಂದು ಕಿವಿಯ ಹತ್ತಿ ತೆಗೆದಳು. "ಅಯ್ಯೋ ದೇವರೇ, ಬಂದ್ರಾ? ನಿಮಗಿಂತ ಮುಂಚಿನ ನಾಲ್ಕೂ ಜನಕ್ಕೆ ಚೀಟಿ ಕಳಿಸಿದೆ. ಒಬ್ರೂ ಇತ್ತ ತಲೆ ಹಾಕ್ಲಿಲ್ಲ."

"ಏನು ಚೀಟಿ?"

"ಸಹಿ ಅಚ್ಚು ಬದಲಾಯಿಸ್ಬೇಕು ಅಂತ." ಆಕೆ ರಾಶಿಯಿಂದ ಒಂದು ಚೆಕ್ಕು ಎತ್ತಿ ಕೊಟ್ಟಳು. ಅದು ಆರ್ವಿಡನದೇ ಸಂಬಳ. ಪ್ರತಿ ಸಲ ಲಕೋಟೆ ಬಿಚ್ಚದೆ ವಿಯೋಲಾ ಬ್ಯಾಂಕಿಗೆ ಒಯ್ಯುತ್ತಿದ್ದುದರಿಂದ ಅವನು ಅದನ್ನು ಕಣ್ಣಾರೆ ನೋಡಿದ್ದೇ ಮೊದಲು. ಕೆಳಗೆ ಎರೆಹುಳು ಹರಿದಾಡಿದ ಹಾಗೆ ಒಂದು ಸಹಿ.

"ಗವರ್ನರದ್ದಾ?"

"ಎಲ್ರೂ ಹಾಗೇ ಅಂದ್ಕೊಂಡಿದಾರೆ. ಇದು ಎಮಿಲ್ ಹ್ಯಾಗ್‌ಬರ್ಗ್ ಸಹಿ. ಇಪ್ಪತ್ತಾರನೇ ಖಜಾಂಚಿ."

"ಅವರು ಈಗೆಲ್ಲಿದಾರೆ?"

"ಲೂಥರನ್ ಚರ್ಚಿನ ಹಿಂದೆ. ಎರಡನೇ ಸಾಲು, ಬಲಗಡೆ." ಆಕೆ ಪ್ರೀತಿಯಿಂದ ಯಂತ್ರ ಸವರಿದಳು. "ಎಪ್ಪತ್ತೈದರಲ್ಲಿ ಹೋದ್ರು. ದೋಣೀಲಿ ಕೂತಿದ್ದ ಹಾಗೇ. ಹತ್ತೊಂಬತ್ತು ವರ್ಷ ಆಯ್ತು, ಒಂದು ದಿನ ರಜೆ ಹಾಕ್ಲಿಲ್ಲ, ಒಂದು ದಿನ ಕೈನೋವು ಅನ್ಲಿಲ್ಲ. ಇಷ್ಟು ನಿಯತ್ತಿನ ಖಜಾಂಚಿ ಇನ್ನೊಬ್ಬ ಬರಲ್ಲ ಬಿಡಿ."

ಆರ್ವಿಡನ ತಲೆಯೊಳಗೆ ಬಸ್ಸು ಮಂಜಿನ ಮೇಲೆ ಜಾರಿದ ಹಾಗಾಯಿತು. ಯಾವ ಕಡೆ ತಿರುಗಿಸಿದರೂ ಚಕ್ರ ಕೇಳುತ್ತಿಲ್ಲ. ಅವನಿಗೆ ಕೆಲಸವಿತ್ತು, ನಿಜವಾದ್ದು, ಸಂವಿಧಾನದಲ್ಲಿ ಕೆತ್ತಿದ್ದು. ಆದರೆ ಅದನ್ನು ಸತ್ತವನೊಬ್ಬ ಮಾಡುತ್ತಿದ್ದ. ಬಾಯಿಬಿಟ್ಟರೆ ಕಚೇರಿ ಉಳಿಯುತ್ತದೆ, ಮಂಡಿ ಉಳಿಯುತ್ತದೆ. ಹತ್ತೊಂಬತ್ತು ವರ್ಷದ ಚೆಕ್ಕುಗಳು? ಶಿಕ್ಷಕರ ಸಂಬಳ, ಹಿಮ ಬಳಿಯುವವರ ಸಂಬಳ, ಅವನದೇ ಬಸ್ಸಿನ ಪಿಂಚಣಿ, ಎಲ್ಲ ಹೆಣದ ಸಹಿ!

ಅವನು ನೆಲಮಾಳಿಗೆಗೆ ಹಿಂತಿರುಗುವ ಹೊತ್ತಿಗೆ ಸುದ್ದಿ ಬಿಸಿನೀರಿನ ಕೊಳವೆಗಳ ಜೊತೆ ಹರಿದು ಮೂರನೇ ಅಂತಸ್ತು ಮುಟ್ಟಿತ್ತು. ಮಿಲ್ಟನ್ ಬ್ರಾಕ್ ಏದುಸಿರು ಬಿಡುತ್ತ ಮಾರ್ವೆಲ್‌ಳ ಕುರ್ಚಿಯಲ್ಲಿ ಕೂತಿದ್ದ. ಅಂಗಿಯ ಇಸ್ತ್ರಿ ಕೆಟ್ಟಿತ್ತು.

"ಆರ್ವಿಡ್, ಗೆಳೆಯಾ, ಕೂತ್ಕೋ. ಇಲ್ಲ, ನಾನೇ ಎದ್ದೆ, ನೀನು ಕೂತ್ಕೋ. ಆ ಅಚ್ಚಿನ ವಿಷಯ... ಅದು ಬರೀ ತಾಂತ್ರಿಕ."

"ಮನುಷ್ಯ ಸತ್ತಿರೋದು ತಾಂತ್ರಿಕಾನಾ?" ಎಂದಳು ಮಾರ್ವೆಲ್.

"ನೀವು ಸುಮ್ನಿರಿ! ಆರ್ವಿಡ್, ನಿನಗೆ ಬೇಕಾಗಿರೋದು ಏನು? ವಿಮೆ. ಹೆಂಡತಿ ಮಂಡಿ. ನಂಗೆಲ್ಲ ಗೊತ್ತು. ಜುಲೈ ಒಂದರಿಂದ ನಮ್ಮ ಇಲಾಖೇಲಿ ವಾಹನ ನಿಲ್ದಾಣದ ಮೇಲ್ವಿಚಾರಕ ಅಂತ ಒಂದು ಹುದ್ದೆ. ಪೂರ್ತಿ ಸರ್ಕಾರಿ ವಿಮೆ. ನಿನಗೆ ಗಾಡಿ ಅಂದ್ರೆ ಇಷ್ಟ ಅಲ್ವಾ? ನೀನು ಆ ಕಾಗದ ಓದಿ ಕೆಳಗಿಳಿದುಬಿಡು. ಎಮಿಲ್‌ನ ಅವರ ಪಾಡಿಗೆ ಮಲಗಕ್ಕೆ ಬಿಡು."

ಮಾತೂ ಉಳಿಯುತ್ತದೆ, ಮಂಡಿಯೂ ಉಳಿಯುತ್ತದೆ. ಆರ್ವಿಡ್ ತಲೆಯಾಡಿಸಿದ. ಅವನು ಒಪ್ಪಿ ತಲೆಯಾಡಿಸಿದನೋ ತಲೆ ತಾನಾಗಿ ಆಡಿತೋ ಅವನಿಗೇ ಖಚಿತವಿರಲಿಲ್ಲ. ಬ್ರಾಕ್ ಅವನ ಕೈ ಕುಲುಕಿ, ಹೋಗುವಾಗ ಬಾಗಿಲಿಂದ ಕಿಟಕಿಗೆ ಹೆಜ್ಜೆ ಎಣಿಸಿಕೊಂಡೇ ಹೋದ.

"ಹದಿನಾಲ್ಕೂವರೆ" ಎಂದು ಗೊಣಗಿದ್ದು ಕೇಳಿಸಿತು.

ಎರಡು ಗಂಟೆ. ಸಮಿತಿ ಕೋಣೆಯಲ್ಲಿ ಐದು ಜನ ಸೆನೆಟರುಗಳು. ಅಧ್ಯಕ್ಷೆ ಆಗ್ನೆಸ್ ಟಾಲೆಫ್ಸನ್ ಎಂಬತ್ತು ಹಸುಗಳ ಒಡತಿ. ಕೆಚ್ಚಲು ನೋಡುವ ಕಣ್ಣಿನಿಂದಲೇ ಮನುಷ್ಯರನ್ನೂ ನೋಡುತ್ತಿದ್ದಳು. ಆರ್ವಿಡ್ ಬಲಗೈ ಎತ್ತಿ, ಸತ್ಯವನ್ನೇ ಹೇಳುತ್ತೇನೆ ಎಂದು ದೇವರ ಮೇಲೆ ಪ್ರಮಾಣ ಮಾಡಿದ. ಹಿಂದಿನ ಸಾಲಿನಲ್ಲಿ ಬ್ರಾಕ್ ಕಣ್ಣು ಮಿಟುಕಿಸಿದ.

"ಮಾನ್ಯ ಸದಸ್ಯರೇ," ಆರ್ವಿಡ್ ಕಾಗದ ಬಿಚ್ಚಿ ಓದಿದ, "ನಾನು ಏನೂ ಮಾಡುವುದಿಲ್ಲ, ವಂದನೆಗಳು."

"ಭೇಷ್" ಎಂದ ಒಬ್ಬ ಸೆನೆಟರು. "ಇಷ್ಟು ಚಿಕ್ಕ ಭಾಷಣ ಈ ಕೋಣೇಲಿ ಇದುವರೆಗೂ ಆಗಿಲ್ಲ. ಮತಕ್ಕೆ ಹಾಕೋಣ."

"ಒಂದು ನಿಮಿಷ" ಎಂದಳು ಟಾಲೆಫ್ಸನ್. "ಮುಚ್ಚೋ ಮುಂಚೆ ಕೊಟ್ಟಿಗೇಲಿ ಏನಾದ್ರೂ ಉಳಿದಿದೆಯಾ ಅಂತ ನೋಡೋದು ನನ್ನ ಅಭ್ಯಾಸ. ಸ್ಕೊಗ್ಲಂಡ್ ಅವರೇ, ಕಾನೂನು ಪುಸ್ತಕದಲ್ಲಿ ಖಜಾಂಚಿ ಚೆಕ್ಕಿಗೆ ಸಹಿ ಮಾಡ್ಬೇಕು ಅಂತಿದೆಯಲ್ಲ?"

"ಇದೆ ಅಮ್ಮಾ."

"ಮಾಡ್ತೀರಾ?"

ಪ್ರಮಾಣ ಮಾಡಿದ ಬಲಗೈ ಆರ್ವಿಡನಿಗೆ ಇನ್ನೂ ಬಿಸಿಯಾಗಿಯೇ ಇದ್ದಂತಿತ್ತು. "ಇಲ್ಲ."

"ಮತ್ತೆ ಯಾರು ಮಾಡ್ತಾರೆ?"

ಹಿಂದಿನಿಂದ ಬ್ರಾಕನ ಕೆಮ್ಮು. ಆರ್ವಿಡ್ ಮುಂದೆ ನೋಡಿದ, ಹಿಂದೆ ನೋಡಿದ, ಛಾವಣಿ ನೋಡಿದ.

"ಎಮಿಲ್" ಎಂದ.

"ಯಾವ ಎಮಿಲ್?"

"ಹ್ಯಾಗ್‌ಬರ್ಗ್, ಅಮ್ಮಾ. ಮೆಟ್ಟಿಲ ಹತ್ರ ಇಪ್ಪತ್ತಾರನೇ ಚಿತ್ರ."

"ಎಮಿಲ್ ಹ್ಯಾಗ್‌ಬರ್ಗ್ ಸತ್ತಿದಾರೆ!" ಎಂದು ಕೊನೆಯಲ್ಲಿ ಕೂತಿದ್ದ ಮುದುಕ ಸೆನೆಟರು ಎದ್ದ. "ಅವರ ಹೆಣ ನಾನೇ ಹೊತ್ತಿದೀನಿ!"

"ಹೌದು ಸಾರ್. ಆದ್ರೂ ಮಾಡ್ತಿದಾರೆ."

ಮರುಕ್ಷಣ ಐದೂ ಸೆನೆಟರುಗಳ ಕೈ ಐದು ಕೋಟಿನ ಒಳಜೇಬಿಗೆ ಹೋಯಿತು. ಸಂಬಳದ ಶುಕ್ರವಾರ ತಾನೆ. ಐದು ಹಸಿರು ಚೆಕ್ಕು ಹೊರಬಂದವು. ಐವರೂ ಅದನ್ನು ಬೆಳಕಿಗೆ ಹಿಡಿದರು. "ನಾನು ಗವರ್ನರದ್ದು ಅಂದ್ಕೊಂಡಿದ್ದೆ" ಎಂದ ಒಬ್ಬ. "ಈ ಚೆಕ್ಕಲ್ಲಿ ಮನೆ ಕಟ್ಟಿದೀನಲ್ಲಪ್ಪೋ" ಎಂದ ಇನ್ನೊಬ್ಬ. ಪತ್ರಕರ್ತನೊಬ್ಬ ಟೆಲಿಫೋನಿಗೆ ಓಡಿ ಬಾಗಿಲಿಗೆ ಹಣೆ ಹೊಡೆದುಕೊಂಡ. ಬ್ರಾಕ್ ಕುರ್ಚಿಯೊಳಗೆ ಕರಗಿ ಹೋಗುವವನಂತೆ ಕೆಳಕೆಳಗೆ ಜಾರಿದ.

ನಮ್ಮ ಶಾಸಕರನ್ನು ಏನೇ ಬೈಯಿರಿ, ಸ್ವಂತ ಸಂಬಳ ಅಪಾಯದಲ್ಲಿದ್ದಾಗ ಅವರಷ್ಟು ಚುರುಕಿನವರು ಇನ್ನೊಬ್ಬರಿಲ್ಲ. ನಲವತ್ತು ನಿಮಿಷದಲ್ಲಿ ನಿರ್ಣಯ ಸಿದ್ಧವಾಯಿತು: ಎಮಿಲ್ ಹ್ಯಾಗ್‌ಬರ್ಗ್ ಅವರು ಸರ್ಕಾರಿ ಕೆಲಸದ ಮಟ್ಟಿಗೆ ಇಂದು ಮಧ್ಯಾಹ್ನ ಹನ್ನೆರಡು ಗಂಟೆಯವರೆಗೂ ಬದುಕಿದ್ದರು ಮತ್ತು ಅಧಿಕಾರದಲ್ಲಿದ್ದರು ಎಂದು ಘೋಷಿಸಲಾಗಿದೆ. ಸರ್ವಾನುಮತ. ಹಾಗಾದರೆ ಅವರು ತೀರಿಕೊಂಡದ್ದು ಇವತ್ತೇ ಅಂತಾಯಿತಲ್ಲ ಎಂದು ಮುದುಕ ಸೆನೆಟರು ನೆನಪಿಸಿದ ಮೇಲೆ, ಎಲ್ಲರೂ ಎದ್ದು ಒಂದು ನಿಮಿಷ ಮೌನ ಆಚರಿಸಿದರು. ಹಳೆಯ ಚೆಕ್ಕುಗಳು ಉಳಿದವು. ಅಂದು ಬೆಳಿಗ್ಗೆ ಅಚ್ಚಾಗಿ ಹಂಚಿದವೂ ಉಳಿದವು. ಹನ್ನೆರಡರ ನಂತರದವುಗಳಿಗೆ ಮಾತ್ರ ಜೀವಂತ ಕೈ ಬೇಕಿತ್ತು.

ಟಾಲೆಫ್ಸನ್ ಸುತ್ತಿಗೆ ಬಡಿದಳು. "ಈಗ ಮುಖ್ಯ ವಿಷಯ. ಈ ಹುದ್ದೆಯನ್ನ ಮುಚ್ಚಬೇಕೋ ಬೇಡವೋ?"

"ಮುಚ್ಚೋದಾ?" ಎಂದು ಉಳಿದ ನಾಲ್ವರೂ ಒಟ್ಟಿಗೆ ಬೆಚ್ಚಿಬಿದ್ದರು. "ಹುಚ್ಚಾ? ರಾಜ್ಯದ ಉಸಿರೇ ಈ ಹುದ್ದೆ!" ಒಬ್ಬನಂತೂ ಇದೊಂದು ಕಂಬ, ಇದೊಂದು ಕೀಲು, ಇದು ಬಿದ್ದರೆ ಛಾವಣಿ ಬಿದ್ದಂತೆ ಎಂದು ಹತ್ತು ನಿಮಿಷ ಮಾತಾಡಿದ. ಕಿತ್ತುಕೊಂಡಿದ್ದ ಕೆಲಸಗಳನ್ನೆಲ್ಲ, ದುಡ್ಡು, ಸಾಲಪತ್ರ, ಹಲ್ಲಿನ ಸೆಟ್ಟು ಸಮೇತ, ಖಜಾಂಚಿಗೆ ಹಿಂದಿರುಗಿಸಲು ಒಪ್ಪಿಗೆಯಾಯಿತು. ಬಾಗಿಲ ಬಳಿ ನಿಂತಿದ್ದ ಮಾರ್ವೆಲ್ ಕರವಸ್ತ್ರ ತೆಗೆದಳು. ಆರ್ವಿಡನಿಗೆ ಏನಾಗುತ್ತಿದೆ ಎಂದು ಪೂರ್ತಿ ಅರ್ಥವಾಗದಿದ್ದರೂ, ವಿಯೋಲಾ ಎರಡು ಹೊಸ ಮಂಡಿಗಳ ಮೇಲೆ ಚರ್ಚಿನ ಮೆಟ್ಟಿಲು ಹತ್ತುವುದು ಕಣ್ಣಿಗೆ ಕಟ್ಟಿತು. ಸತ್ಯ ಹೇಳಿದ್ದಕ್ಕೆ ದೇವರು ಕೈಬಿಡಲಿಲ್ಲ ಎಂದುಕೊಂಡ.

"ಇನ್ನೊಂದೇ ಒಂದು ಮಾತು" ಎಂದಳು ಟಾಲೆಫ್ಸನ್. ಆರ್ವಿಡನ ಕಡೆ ತಿರುಗಿ ತಾಯಿಯಂತೆ ನಕ್ಕಳು. "ಸ್ಕೊಗ್ಲಂಡ್ ಅವರೇ, ಇಷ್ಟು ದೊಡ್ಡ ಹುದ್ದೆ ಇದು ಅಂತ ನಮ್ಮ ಕಣ್ಣು ತೆರೆಸಿದೋರು ನೀವು. ಈ ರಾಜ್ಯ ನಿಮ್ಮ ಉಪಕಾರ ಮರೆಯಲ್ಲ. ಆದ್ರೆ ನೀವೇ ಹೇಳಿ, ಇಂಥ ಹುದ್ದೇನ ಕೇಕಿನ ತುಂಡಿಗೆ ಎದ್ದೋರ ಕೈಗೆ ಕೊಡಬಹುದಾ?"

ಪ್ರಮಾಣ ಇನ್ನೂ ಜಾರಿಯಲ್ಲಿತ್ತು. "ಕೊಡಬಾರ್ದು ಅಮ್ಮಾ" ಎಂದ ಆರ್ವಿಡ್.

"ಎಷ್ಟು ನಿಯತ್ತು ನೋಡಿ!"

ತಿದ್ದುಪಡಿ ಅಲ್ಲೇ ಬರೆದರು. ಜುಲೈ ಒಂದರಿಂದ ಖಜಾಂಚಿಗೆ ಚುನಾವಣೆಯಿಲ್ಲ. ರಾಜ್ಯದ ಹಣಕಾಸಿನಲ್ಲಿ ಇಪ್ಪತ್ತು ವರ್ಷ ಅನುಭವವಿರುವ, ಲೆಕ್ಕಶಾಸ್ತ್ರದ ಪದವಿ ಪಡೆದವರನ್ನು ಗವರ್ನರ್ ನೇಮಿಸತಕ್ಕದ್ದು. ಅಂಥವರು ರಾಜ್ಯದಲ್ಲಿ ಎಷ್ಟು ಜನರಿದ್ದಾರೆ ಎಂದು ಕೇಳಿದಾಗ ಗುಮಾಸ್ತ ಪುಸ್ತಕ ತಿರುವಿ, ಒಬ್ಬರಿದ್ದಾರೆ ಎಂದ. ಹಿಂದಿನ ಸಾಲಿನ ಕುರ್ಚಿಯಿಂದ ಮಿಲ್ಟನ್ ಬ್ರಾಕ್ ನಿಧಾನವಾಗಿ ಮೇಲಕ್ಕೆ ಬಂದ.

ಸತ್ತವರ ಸಹಿ ಅಚ್ಚು ಹತ್ತೊಂಬತ್ತು ವರ್ಷ ಇವನ ಇಲಾಖೆಯಲ್ಲೇ ಇತ್ತಲ್ಲ ಎಂದು ಮಾರ್ವೆಲ್ ಬಾಗಿಲಿಂದ ಕೂಗಿದಳು. "ಅದೇ ಅನುಭವ ಅನ್ನೋದು" ಎಂದ ಬ್ರಾಕ್.

ಎಲ್ಲರೂ ಎದ್ದು ನಿಂತು ಆರ್ವಿಡನಿಗೆ ಚಪ್ಪಾಳೆ ತಟ್ಟಿದರು. ಜನ ಚದುರಿದ ಮೇಲೆ ಅವನು ಬ್ರಾಕನ ತೋಳು ಹಿಡಿದ. "ಆ ವಾಹನ ನಿಲ್ದಾಣದ ಮೇಲ್ವಿಚಾರಕ..."

"ಅದು ನೀನು ಬಾಯಿಮುಚ್ಕೊಂಡಿದ್ರೆ ಇತ್ತಲ್ಲ ಗೆಳೆಯಾ."

ನಾಲ್ಕೂವರೆಗೆ ಬರ್ನಿಸ್ ತಳ್ಳುಗಾಡಿ ತಳ್ಳಿಕೊಂಡು ನೆಲಮಾಳಿಗೆಗೆ ಬಂದಳು. ಹನ್ನೆರಡರ ನಂತರ ಅಚ್ಚಾದ ಚೆಕ್ಕುಗಳು, ಎಲ್ಲ ಇವತ್ತೇ ಹೋಗಬೇಕಾದವು. ಹೊಸ ಅಚ್ಚಿಗೆ ಟೆಂಡರ್ ಕರೆಯಬೇಕು, ಅದು ಬರುವುದು ಜುಲೈ ಒಂದಕ್ಕೆ, ಬರುವಾಗ ಬ್ರಾಕನ ಹೆಸರಲ್ಲೇ ಬರುತ್ತದೆ ಎಂದು ಹೇಳಿ, "ಅಲ್ಲಿಯವರೆಗೂ ಪ್ರತಿ ಶುಕ್ರವಾರ ನಿಮ್ಮದೇ ಕೈ" ಎಂದು ಒಂದು ಡಬ್ಬಿ ಪೆನ್ನು ಮೇಜಿನ ಮೇಲಿಟ್ಟಳು.

ಆರೂವರೆಗೆ ಟೆಲಿಫೋನ್ ಬಡಿದುಕೊಂಡಿತು. ಹೋಟೆಲಿನಿಂದ ವಿಯೋಲಾ.

"ಮೀನು ತಣ್ಣಗಾಗ್ತಿದೆ. ಕಚೇರಿ ಉಳೀತಾ?"

"ಉಳೀತು. ಹಿಂದೆಂದೂ ಇಲ್ಲದಷ್ಟು ಗಟ್ಟಿಯಾಗಿ."

"ದೇವರು ದೊಡ್ಡವನು! ಕೆಲಸ ಸಿಕ್ತಾ?"

ಆರ್ವಿಡ್ ತಳ್ಳುಗಾಡಿ ನೋಡಿದ. "ಸಿಕ್ತು."

"ಹಾಗಾದ್ರೆ ನನ್ನ ಮಂಡಿ..."

"ಬಂದು ಹೇಳ್ತೀನಿ ವಿಯೋಲಾ" ಎಂದು ಫೋನ್ ಇಟ್ಟ. ಇಡುವಾಗ ಬಲಗೈ ಬಿಚ್ಚಲಿಲ್ಲ. ಬೆರಳುಗಳು ಪೆನ್ನು ಹಿಡಿದ ಆಕಾರದಲ್ಲೇ ಸೆಟೆದು ನಿಂತಿದ್ದವು. ಮಾರ್ವೆಲ್ ಗಾಬರಿಯಾಗಿ ಭವನದ ದಾದಿಯನ್ನು ಕರೆತಂದಳು. ಆಕೆ ಮಣಿಕಟ್ಟನ್ನು ಅತ್ತಿತ್ತ ತಿರುಗಿಸಿ, ಒತ್ತಿ, ಆರ್ವಿಡ್ ಅಯ್ಯೋ ಅಂದ ಕಡೆಯೆಲ್ಲ ಇನ್ನೊಮ್ಮೆ ಒತ್ತಿ ನೋಡಿದಳು.

"ಹೀಗೇ ಜೂನ್ ಕೊನೇವರೆಗೂ ಬರೆದ್ರೆ ಇದಕ್ಕೆ ಆಪರೇಶನ್ ಮಾಡಿಸ್ಲೇಬೇಕಾಗುತ್ತೆ. ಕಾಯೋರ ಸಾಲು ಉದ್ದ ಇದೆ, ಆಗಸ್ಟ್ ಕೊನೆ ಹೊತ್ತಿಗೆ ದಿನ ಸಿಗಬಹುದು." ಬಟ್ಟೆ ಸುತ್ತುತ್ತ ಆಕೆ ಸಮಾಧಾನ ಹೇಳಿದಳು. "ಖರ್ಚಿನ ಚಿಂತೆ ನಿಮಗ್ಯಾಕೆ ಬಿಡಿ, ಪುಣ್ಯವಂತರು. ಸರ್ಕಾರಿ ವಿಮೆ ಇದೆಯಲ್ಲ."

ಆರ್ವಿಡ್ ಪೆನ್ನನ್ನು ಎಡಗೈಗೆ ಬದಲಾಯಿಸಿಕೊಂಡು ರಾಶಿಯಿಂದ ಮುಂದಿನ ಚೆಕ್ಕು ಎಳೆದ. ಅದು ಮಿಲ್ಟನ್ ಬ್ರಾಕನ ಸಂಬಳವಾಗಿತ್ತು. ಸಹಿ ಹಾಕಿದ.